ಚಳಿಗೆ ಸಾಯದ್ದು

ಗೆರೆ ಒಂದೇ ಇತ್ತು. ಎರಡನೆಯದು ಎಲ್ಲಾದರೂ ಮಸುಕಾಗಿ ಮೂಡಿದೆಯೇನೋ ಎಂದು ಜಿಪಾರ್ ಕನ್ನಡಕವನ್ನು ಮೂಗಿಗೊತ್ತಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದಳು. ಕತ್ತಲು ಕೋಣೆಯ ನೇರಳೆ ಬೆಳಕಿನ ಮೇಲೆ ಜೆಲ್ಲಿನ ತೆಳು ಹಾಳೆ ಆರಿದ ಗಂಜಿಯ ಕೆನೆಯಂತೆ ಮಲಗಿತ್ತು. ನರಿಗಳ ಮಾಂಸದಿಂದ ತೆಗೆದ ಹುಳಗಳ ಸಾಲುಗಳಲ್ಲಿ ಎರಡೆರಡು ಗೆರೆಗಳು, ಒಂದು ಮೇಲೆ, ಒಂದು ಕೆಳಗೆ. ತೋಳದ ಸಾಲಿನಲ್ಲಿ ಕೆಳಗಿನದು ಮಾತ್ರ. ಅದರ ಮೇಲಿನ ಜಾಗ ಖಾಲಿ.

"ಏನಮ್ಮಾ, ಜೋಡಿನಾ ಒಂಟಿನಾ?" ಬಾಗಿಲಾಚೆಯಿಂದ ರಾಯಿಸಾ ಕೇಳಿದಳು. ಇಪ್ಪತ್ತು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಹುಳಗಳ ಜೊತೆ ಬದುಕಿದವಳು, ನಿವೃತ್ತಿಗೆ ಹತ್ತಿರವಿದ್ದಳು.

"ಒಂಟಿ."

"ಹಾಗಾದ್ರೆ ಉತ್ತರದವನು. ಹಿಮಕರಡಿ ಮೈಯಲ್ಲಿ ಮನೆ ಮಾಡ್ಕೊಂಡಿರೋನು. ಇವನಿಗೆ ನಮ್ಮ ಬೆಟ್ಟಕ್ಕೆ ವೀಸಾ ಕೊಟ್ಟೋರು ಯಾರಪ್ಪ?"

ಜಿಪಾರ್ ನಕ್ಕಳು. ಹಂದಿಯಲ್ಲಿರುವ ಹುಳ, ನರಿಯಲ್ಲಿರುವ ಹುಳ, ಉತ್ತರದ ಹಿಮದ ಹುಳ, ಎಲ್ಲವೂ ಸೂಕ್ಷ್ಮದರ್ಶಕದಡಿ ಒಂದೇ ಥರ, ಸುರುಳಿ ಸುತ್ತಿಕೊಂಡ ಒಂದು ಎಳೆ. ಯಾವುದು ಯಾರೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನು ಅರೆದು, ಒಳಗಿನ ವಂಶದ ದಾರವನ್ನು ಯಂತ್ರದಲ್ಲಿ ಲಕ್ಷಗಟ್ಟಲೆ ಹೆಚ್ಚಿಸಿ, ಹೀಗೆ ಜೆಲ್ಲಿನ ಮೇಲೆ ಓಡಿಸಿದಾಗ ಮಾತ್ರ ಬಾಯಿ ಬಿಡುತ್ತದೆ. ಅವಳಿಗೆ ಈ ಕೆಲಸದಲ್ಲಿ ಇಷ್ಟವಾದದ್ದೇ ಇದು. ಇಲ್ಲಿ ಯಾರೊಂದಿಗೂ ಮಾತಾಡಬೇಕಿಲ್ಲ, ಕೇಳಿದ್ದಕ್ಕೆ ಬೆಳಕು ಉತ್ತರ ಹೇಳುತ್ತದೆ.

ತೋಳದ ಮಾಂಸ ಬಂದಿದ್ದು ಹೋದ ಚಳಿಗಾಲದಲ್ಲಿ, ರೊಟ್ಟಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ. ಮೇಲೆ ನೀಲಿ ಶಾಯಿಯಲ್ಲಿ ದಪ್ಪಕ್ಷರ: "ಬೀಗರ ಮಗಳಿಗೆ. ಗಂಡು ತೋಳ. ನಾಲಿಗೆ, ಮುಂಗಾಲು. ಅಸಾಂಕುಲ್." ಅಸಾಂಕುಲ್ ಅವಳ ತಂಗಿ ಚೊಲ್ಪೊನಳ ಮಾವ. ಪ್ರತಿ ಚಳಿಗಾಲವೂ ಬೇಟೆಯಾಡಿದ್ದರಲ್ಲಿ ಒಂದು ಚೂರನ್ನು ಬಸ್ಸಿನ ಡ್ರೈವರನ ಕೈಯಲ್ಲಿ ರಾಜಧಾನಿ ಬಿಷ್ಕೆಕ್‌ಗೆ ಕಳಿಸುತ್ತಿದ್ದ. ಹೊರದೇಶದಿಂದ ಬರಬೇಕಾದ ರಾಸಾಯನಿಕಗಳು ಬರಲಿಲ್ಲವೆಂದು ಆ ಚೀಲ ಫ್ರೀಜರಿನ ತಳದಲ್ಲೇ ಉಳಿಯಿತು. ಬೇಸಿಗೆ ಬಂದು ಹೋಯಿತು. ಚೊಲ್ಪೊನ್ ತೀರಿಹೋದದ್ದೂ ಆ ನಡುವೆಯೇ.

"ಇಲ್ಲಿ ಬಾ, ಇಲ್ಲಿ ಬಾ," ರಾಯಿಸಾ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಕೈಬೀಸಿದಳು. "ಉಳಿದ ಚೂರನ್ನ ಬೆಚ್ಚಗೆ ಮಾಡಿ ಇಟ್ಟಿದ್ದೆ. ನೋಡು ತಮಾಷೆ."

ಜಿಪಾರ್ ನೋಡಿದಳು. ವರ್ಷವಿಡೀ ಮಂಜುಗಡ್ಡೆಯಲ್ಲಿ ಕಲ್ಲಾಗಿದ್ದವು ಈಗ ನಿಧಾನವಾಗಿ ಸುರುಳಿ ಬಿಚ್ಚುತ್ತಿದ್ದವು. ಆಗತಾನೇ ನಿದ್ದೆಯಿಂದೆದ್ದವರು ಮೈಮುರಿಯುವಂತೆ.

"ನಮ್ಮ ಡೈರೆಕ್ಟರ್ ಸೋಮವಾರ ಬೆಳಿಗ್ಗೆ ಇಷ್ಟು ಚುರುಕಾಗಿರಲ್ಲ," ಎಂದಳು ರಾಯಿಸಾ. ಆಮೇಲೆ ದನಿ ಬದಲಿಸಿ, "ನಾಳೆ ಹೊರಡ್ತೀಯಲ್ಲ? ಆ ಮುದುಕನಿಗೆ ಹೇಳು, ತೋಳದ ಹೆಣ ನಾಯಿಗೆ ಹಾಕಬಾರದು ಅಂತ. ಇವು ಚಳಿಗೆ ಸಾಯೋ ಜಾತಿ ಅಲ್ಲ."

"ಹೇಳ್ತೀನಿ."

ರಾಯಿಸಾ ಮೇಜಿನ ಡ್ರಾಯರಿನಿಂದ ಒಂದು ಚಾಕಲೇಟ್ ಪೊಟ್ಟಣ ತೆಗೆದು ಅವಳ ಕೋಟಿನ ಜೇಬಿಗೆ ತುರುಕಿದಳು. "ಮಗೂಗೆ," ಎಂದಳಷ್ಟೆ. ತಂಗಿಯ ವರ್ಷದ ಊಟಕ್ಕೆ ಹೊರಟವಳಿಗೆ ಬೇರೇನು ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ.

*

ನಾರಿನ್ ಪಟ್ಟಣ ದಾಟಿ ತಾಶ್-ಬುಲಾಕ್ ಹಳ್ಳಿ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಸಾಂಕುಲ್‌ನ ಅಂಗಳದಲ್ಲಿ ಬೂದು ಬಣ್ಣದ ಡೇರೆ ಎದ್ದಿತ್ತು. ಚೊಲ್ಪೊನಳ ಗಂಡ ಮಿರ್ಲಾನ್ ಕೊಟ್ಟಿಗೆಯ ಬಳಿ, ನಾಳೆ ಕಡಿಯಬೇಕಾದ ಕುದುರೆಯ ಕುತ್ತಿಗೆಗೆ ಒರಗಿ ನಿಂತಿದ್ದ. ಅವಳನ್ನು ಕಂಡು ಟೋಪಿ ಮುಟ್ಟಿದ. ಜಿಪಾರ್‌ ತಲೆಬಾಗಿಸಿ ಒಳಗೆ ನಡೆದಳು. ಮಾತಿಗೆ ಎಳೆಯದಿರುವ ಉಪಕಾರವನ್ನು ಇಬ್ಬರೂ ಒಬ್ಬರಿಗೊಬ್ಬರು ವರ್ಷದಿಂದ ಮಾಡಿಕೊಂಡು ಬಂದಿದ್ದರು.

ಅಡುಗೆಮನೆಯಲ್ಲಿ ಎಣ್ಣೆಯ ಹೊಗೆ. ಚೊಲ್ಪೊನಳ ಅತ್ತೆ ಸಾಕಿನ್ ಮಂಡಿಯೂರಿ ಕುಳಿತು ಹಿಟ್ಟು ಲಟ್ಟಿಸುತ್ತಿದ್ದಳು. ತಲೆಗೆ ಕಟ್ಟಿದ ಶೋಕದ ಕಪ್ಪು ವಸ್ತ್ರ ಹಣೆಗಿಳಿದಿತ್ತು. ನಾಳೆ ಅದನ್ನು ಬಿಚ್ಚುವ ದಿನ. ನೆರೆಮನೆಯ ಕಾಲಿಚಾ ಬಾಣಲೆಯ ಮುಂದೆ ಕೂತು ಬೋರ್ಸೋಕ್ ಎಂಬ ಹಿಟ್ಟಿನ ಬಿಲ್ಲೆಗಳನ್ನು ಕರಿದು ಕರಿದು ಬುಟ್ಟಿಗೆ ಸುರಿಯುತ್ತಿದ್ದಳು. ಜಿಪಾರ್ ಕೈತೊಳೆದು, ಚಾಕು ಹಿಡಿದು, ಲಟ್ಟಿಸಿದ ಹಿಟ್ಟನ್ನು ಕತ್ತರಿಸತೊಡಗಿದಳು.

"ಅಯ್ಯೋ, ಅದೇನು ಕತ್ತರಿಸೋದು!" ಕಾಲಿಚಾ ಕೂಗಿದಳು. "ಒಂದೊಂದೂ ಒಂದೇ ಅಳತೆ! ನೋಡೇ ಸಾಕಿನ್, ನಿನ್ನ ಬೀಗರ ಮಗಳು ಸ್ಕೇಲ್ ಇಟ್ಕೊಂಡು ಬಂದಿದಾಳೆ. ಅದಕ್ಕೇ ಇವಳಿಗೆ ಗಂಡು ಸಿಕ್ಕಿಲ್ಲ, ಅಳತೆ ಸರಿ ಹೋಗ್ಬೇಕಲ್ಲ!"

"ಸುಮ್ನಿರೇ," ಎಂದಳು ಸಾಕಿನ್. "ನಿನ್ನ ಬಾಣಲೆ ಕಪ್ಪಾಗ್ತಿದೆ, ಅದನ್ನ ನೋಡು." ಆಮೇಲೆ ಜಿಪಾರ್‌ಳ ಬೆನ್ನ ಮೇಲೆ ಹಿಟ್ಟಿನ ಕೈ ಇಟ್ಟು, "ಕತ್ತರಿಸು ಮಗಳೇ, ಚೆನ್ನಾಗಿದೆ. ಅವಳೂ ಹಿಂಗೇ ಕತ್ತರಿಸ್ತಿದ್ಲು," ಎಂದಳು.

ಚೊಲ್ಪೊನ್ ಹಾಗೆ ಕತ್ತರಿಸುತ್ತಿರಲಿಲ್ಲ. ಅವಳು ಕತ್ತರಿಸಿದ್ದರಲ್ಲಿ ಒಂದು ಉದ್ದ, ಒಂದು ಸೊಟ್ಟ, ಒಂದು ಅವಳದೇ ಬಾಯಲ್ಲಿ. ಜಿಪಾರ್ ಕತ್ತರಿಸುತ್ತಲೇ ಇದ್ದಳು. ಸತ್ತವಳನ್ನು ಈ ಹೆಂಗಸು ತನ್ನ ಮನಸ್ಸಿನಲ್ಲಿ ಇಷ್ಟಿಷ್ಟೇ ತಿದ್ದಿ ಅಚ್ಚುಕಟ್ಟು ಮಾಡಿಕೊಂಡಿದ್ದಳು. ಪ್ರೀತಿಯಿಂದ ತಿದ್ದಿದ್ದಳು, ಅಷ್ಟಂತೂ ಕಾಣುತ್ತಿತ್ತು.

ಮೂಲೆಯಲ್ಲಿ ಶಾಲು ಸುತ್ತಿಕೊಂಡ ಅಕ್‌ಮೋರ್ ಕುರಿಯ ಕೀಲುಮೂಳೆಗಳನ್ನು ಸಾಲಾಗಿ ಜೋಡಿಸಿ ಆಡುತ್ತಿತ್ತು. ಚೊಲ್ಪೊನಳ ಮೂರು ವರ್ಷದ ಕೂಸು, ಅವಳದೇ ಹುಬ್ಬು. ಆಟದ ನಡುವೆ ಕೆಮ್ಮು ಬಂತು. ಒಂದು ಕೆಮ್ಮು ಇನ್ನೊಂದನ್ನು ಎಳೆದುಕೊಂಡು ಬಂತು, ಅದು ಮತ್ತೊಂದನ್ನು. ಮೂಳೆಗಳ ಸಾಲು ಕೆಡದಂತೆ ಮಗು ಒಂದು ಕೈ ಅಡ್ಡ ಹಿಡಿದುಕೊಂಡೇ ಕೆಮ್ಮಿತು. ಸಾಕಿನ್‌ಳ ಲಟ್ಟಣಿಗೆ ನಿಂತಿತು. ಕೆಮ್ಮು ಮುಗಿಯುವವರೆಗೂ ಅದು ಅಲುಗಲಿಲ್ಲ.

"ಎಷ್ಟು ದಿನದಿಂದ?" ಜಿಪಾರ್ ಕೇಳಿದಳು.

"ಹೊಸ ವರ್ಷದಿಂದ. ಬಾ, ಬೆಣ್ಣೆ ತರೋಣ." ಸಾಕಿನ್ ಎದ್ದಳು.

ಬೆಣ್ಣೆ ಇರುವ ಕೋಣೆ ಮನೆಯ ಹಿಂದೆ, ಕಲ್ಲಿನ ಗೋಡೆ, ಮಣ್ಣಿನ ನೆಲ. ಒಳಗೆ ಹೊರಗಿನದಕ್ಕಿಂತ ಹೆಚ್ಚು ಚಳಿ. ತೊಲೆಯಿಂದ ಕುರಿಯ ತೊಡೆಗಳು ಇಳಿಬಿದ್ದಿದ್ದವು. ಅವುಗಳಿಂದ ದೂರ, ಬೇರೆಯೇ ಕೊಕ್ಕೆಯಲ್ಲಿ, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಸಾಕಿನ್ ಹಿಂದೆ ತಿರುಗಿ ಬಾಗಿಲು ಮುಚ್ಚಿದಳು.

"ಮುಲ್ಲಾಗೆ ಕಿವಿ ಉದ್ದ, ಕಾಲಿಚಾಗೆ ಬಾಯಿ ಉದ್ದ. ನಿನಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ. ಅದು ಬೆಟ್ಟದ್ದು."

"ತೋಳಾನಾ?"

"ಹೆಸರೆತ್ತಬೇಡ. ನಮಗೆ ನಿಷಿದ್ಧ, ಗೊತ್ತು. ಆದ್ರೆ ಔಷಧಿಗೆ ದೇವರು ಕಣ್ಣು ಮುಚ್ಕೋತಾನೆ. ನಮ್ಮಜ್ಜಿ ಕೊಡ್ತಿದ್ಲು, ನಮ್ಮಮ್ಮ ಕೊಡ್ತಿದ್ಲು. ಎದೆ ಕೆಮ್ಮಿಗೆ ಇದರ ಮುಂದೆ ಇನ್ನೊಂದಿಲ್ಲ. ಡಾಕ್ಟರು ಮಗೂಗೆ ಎರಡು ಸಲ ಸೂಜಿ ಚುಚ್ಚಿ ಅಳಿಸಿದ್ದೇ ಬಂತು. ಶನಿವಾರದಿಂದ ಶುರು ಮಾಡ್ತೀನಿ, ಊಟ ಎಲ್ಲ ಮುಗೀಲಿ ಅಂತ ಕಾದಿದೀನಿ." ಸಾಕಿನ್ ಗಂಟನ್ನು ಎರಡು ಬೆರಳಿನಿಂದ ತಟ್ಟಿದಳು. ಕಲ್ಲಿನ ಸದ್ದು ಬಂತು. "ನಿನ್ನ ತಂಗಿಗೂ ಇಂಥದ್ದನ್ನೇ ಕೊಟ್ಟಿದ್ದು, ಹೋದ ಚಳಿಗಾಲದ ಬೇಟೇದು. ಅವಳ ಕೆಮ್ಮು ವಾರದೊಳಗೆ ನಿಂತಿತ್ತು, ಗೊತ್ತಾ? ಕೆಮ್ಮು ನಿಂತಿತ್ತು ಮಗಳೇ. ಆಮೇಲೆ ಆ ಹಾಳು ಕಿಡ್ನಿದು ಬಂತಲ್ಲ, ಅದಕ್ಕೆ ಔಷಧಿ ನಂಗೆ ಗೊತ್ತಿರ್ಲಿಲ್ಲ."

ಜಿಪಾರ್‌ಳ ಕೈಯಲ್ಲಿ ಬೆಣ್ಣೆಯ ಬೋಗುಣಿ ಇತ್ತು. ಅದು ಭಾರವಾಗಿದೆಯೋ ಹಗುರಾಗಿದೆಯೋ ಅವಳಿಗೆ ತಿಳಿಯದಾಯಿತು.

"ಹ್ಯಾಗೆ ಕೊಟ್ರಿ?"

"ಹ್ಯಾಗೆ ಅಂದ್ರೆ? ಬಿಸಿ ಹಾಲಿಗೆ. ಚಾಕೂಲಿ ಹೆರೆದ್ರೆ ಹೂವಿನ ಪಕಳೆ ಥರ ಬರುತ್ತೆ. ಹಾಲಲ್ಲಿ ಹಾಕಿ, ಬೆಣ್ಣೆ ಹಾಕಿ, ಒಂದಿಷ್ಟು ಒಣದ್ರಾಕ್ಷಿ. ವಾಸನೆ ಬರ್ಬಾರ್ದಲ್ಲ. ಕಾಡುಮೇಕೆದು ಅಂತ ಹೇಳಿದ್ದೆ. ಏನು ತಿಂತಿದೀನಿ ಅಂತ ಗೊತ್ತಾದ್ರೆ ಔಷಧಿ ನಾಟಲ್ಲ."

"ಬೇಯಿಸ್ಲಿಲ್ವಾ ಅಪಾ?" ತಂಗಿಯ ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೆ, ಅಮ್ಮ ಎಂಬಂತೆ.

"ಬೆಂಕಿ ತಾಗಿದ್ರೆ ಶಕ್ತಿ ಎಲ್ಲಿ ಉಳಿಯುತ್ತೆ? ಹಾಂ, ಗೊತ್ತಾಯ್ತು ನೀನೇನು ಕೇಳ್ತಿದೀಯ ಅಂತ." ಸಾಕಿನ್ ನಕ್ಕಳು. ಓದಿದವಳ ಮುಂದೆ ತನಗೂ ಒಂದು ವಿಷಯ ಗೊತ್ತಿದೆ ಎಂಬ ನಗು. "ಹುಳ. ನಾನೇನು ಗೊತ್ತಿಲ್ದೋಳಲ್ಲಮ್ಮ. ಪಶುವೈದ್ಯರ ಆಫೀಸಿನ ಗೋಡೇಲಿ ಹಂದಿ ಚಿತ್ರ ಹಾಕಿ ಬರೆದಿದಾರಲ್ಲ, ಚಳೀಲಿ ಇಟ್ರೆ ಸಾಯ್ತವೆ ಅಂತ. ಅದಕ್ಕೇ ಚಿಲ್ದೆಯ ನಲವತ್ತು ದಿನದ ಚಳಿ ಪೂರ್ತಿ ನೇತುಹಾಕಿದ್ದೆ, ಅತಿ ಕೆಟ್ಟ ಚಳಿ ಅದು, ಉಗುಳಿದ್ರೆ ನೆಲ ಮುಟ್ಟೋದ್ರೊಳಗೆ ಮಂಜಾಗ್ತಿತ್ತು. ಅಷ್ಟಾದ್ಮೇಲೇ ಕೊಟ್ಟಿದ್ದು. ಇದೂ ಅಷ್ಟೇ."

ಹಾಲು. ಚೊಲ್ಪೊನ್ ಫೋನಿನಲ್ಲಿ ಹೇಳಿದ್ದು ಜಿಪಾರ್‌ಗೆ ಈಗ ಕೇಳಿಸಿತು, ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ. "ಅಕ್ಕಾ, ನಮ್ಮತ್ತೆ ನಂಗೆ ಹಾಲು ಕುಡಿಸಿ ಕುಡಿಸಿ ಕರು ಮಾಡಿಬಿಟ್ಟಿದಾರೆ ಕಣೇ. ಬೆಳಿಗ್ಗೆ ನಾನು ಏಳೋದ್ರೊಳಗೆ ಬಟ್ಟಲು ಹಿಡ್ಕೊಂಡು ನಿಂತಿರ್ತಾರೆ." ಆವತ್ತು ಬಿಷ್ಕೆಕ್‌ನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಚಹಾ ಕುಡಿಯುತ್ತಿದ್ದ ಜಿಪಾರ್‌ಗೆ ಒಂದು ಚೂರು ಹೊಟ್ಟೆಕಿಚ್ಚಾಗಿತ್ತು. ಆಮೇಲೆ ಬಂದದ್ದು ಒಂದು ಫೋಟೋ. ರೆಪ್ಪೆಗಳು ಊದಿಕೊಂಡು ಕಣ್ಣುಗಳೇ ಮುಚ್ಚಿಹೋಗಿದ್ದವು. ಕೆಳಗೆ, "ಹುದುಗು ಬಂದ ಹಿಟ್ಟಾಗಿದೀನಿ ನೋಡು." ಆಮೇಲೆ ಜ್ವರ. ಆಮೇಲೆ, ಮೈಯೆಲ್ಲ ಹೊಡೆದು ಹಾಕಿದ ಹಾಗೆ ನೋವು, ರೊಟ್ಟಿ ಅಗಿಯೋಕೂ ದವಡೆ ಬರ್ತಿಲ್ಲ ಅಕ್ಕಾ. ಮುಖ ಊದಿದ್ದಕ್ಕೆ ಜಿಲ್ಲಾ ಆಸ್ಪತ್ರೆಯವರು ಕಿಡ್ನಿ ಎಂದರು. ಹೃದಯ ನಿಂತಾಗಲೂ ಕಿಡ್ನಿ ಎಂದೇ ಬರೆದರು. ಇಡೀ ದಿನ ಇದೇ ಹುಳಗಳನ್ನು ನೋಡುತ್ತ ಕೂರುವ ಜಿಪಾರ್‌ಗೂ ಅದು ಹೊಳೆದಿರಲಿಲ್ಲ. ಹಂದಿಯನ್ನು ಮುಟ್ಟದ ಮನೆ, ತೋಳವನ್ನು ತಿನ್ನುತ್ತಾರೆಂದು ಯಾರು ನೆನೆಯುತ್ತಾರೆ?

ಒಂದು ಕ್ಷಣ ಅವಳೊಳಗೆ ಏನೋ ಎದ್ದಿತು. ಈ ಬೋಗುಣಿಯನ್ನು ಕಲ್ಲಿನ ಗೋಡೆಗೆ ಎಸೆದು, ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಜನ್ಮದಲ್ಲಿ ಒಮ್ಮೆಯೂ ಯಾರ ಮೇಲೂ ದನಿಯೆತ್ತದ ಅವಳ ಗಂಟಲಿಗೆ ಮಾತು ಬಂದು ನಿಂತಿತ್ತು. ಎದುರಿಗೆ ಸಾಕಿನ್, ಹಣೆಯ ಮೇಲೆ ಹಿಟ್ಟು, ಗಂಟು ಕಟ್ಟಿದ ಹಗ್ಗ ಸಡಿಲಾಗಿದೆಯೆಂದು ತುದಿಗಾಲಲ್ಲಿ ನಿಂತು ಬಿಗಿಯುತ್ತಿದ್ದಳು. ಬೇರೆ ಮಾಂಸಕ್ಕೆ ಸುತ್ತದ ಬಟ್ಟೆಯನ್ನು ಇದಕ್ಕೆ ಸುತ್ತಿದ್ದಳು. ಒಗೆದ ಬಟ್ಟೆ.

ಗೋಡೆಯಾಚೆ ಮಗು ಕೆಮ್ಮಿತು.

"ಅಪಾ, ಅದನ್ನ ಮಗೂಗೆ ಕೊಡ್ಬೇಡಿ."

"ಯಾಕೆ?"

"ಅದರಲ್ಲಿರೋ ಹುಳ ಚಳಿಗೆ ಸಾಯಲ್ಲ."

"ಗೋಡೇಲಿ ಬರೆದಿದಾರೆ ಅಂದ್ನಲ್ಲ."

"ಅದು ಹಂದಿಯ ಹುಳಕ್ಕೆ. ಅದು ಸಾಯುತ್ತೆ. ಇದು ಬೇರೆ ಜಾತಿ. ನೋಡೋಕೆ ಎರಡೂ ಒಂದೇ ಥರ. ಆದ್ರೆ ಇದು ಉತ್ತರದ ಹಿಮದ್ದು. ವರ್ಷಗಟ್ಟಲೆ ಮಂಜಲ್ಲಿದ್ರೂ ಬದುಕಿರುತ್ತೆ. ಬೆಂಕೀಲಿ ಚೆನ್ನಾಗಿ ಬೇಯಿಸಿದ್ರೆ ಮಾತ್ರ ಸಾಯೋದು."

"ಒಂದೇ ಥರ ಇದ್ರೆ ನಿಂಗೆ ಹ್ಯಾಗೆ ಗೊತ್ತಾಯ್ತು?"

ಜಿಪಾರ್ ಮಾತಿಗೆ ತಡಕಾಡಿದಳು. ಪ್ರಯೋಗಾಲಯದ ಒಂದು ಪದವೂ ಈ ಕೋಣೆಯಲ್ಲಿ ನಿಲ್ಲುವಂತಿರಲಿಲ್ಲ. "ಹೊಸಬ ಬಂದ್ರೆ ನಾವು ಏಳು ತಲೆಮಾರು ಕೇಳಲ್ವಾ? ಅಪ್ಪ ಯಾರು, ಅಜ್ಜ ಯಾರು, ಮುತ್ತಜ್ಜ ಯಾರು ಅಂತ? ಹಾಗೆ. ಹುಳದ ಮೈಯೊಳಗೇ ಅದರ ವಂಶ ಬರೆದಿರುತ್ತೆ. ನಮ್ಮ ಯಂತ್ರ ಅದನ್ನ ಕೇಳುತ್ತೆ. ಅದು ಸುಳ್ಳು ಹೇಳಲ್ಲ."

ಸಾಕಿನ್ ತಲೆಯಾಡಿಸಿದಳು. ಇದು ಅವಳಿಗೆ ಅರ್ಥವಾಯಿತು. ಮನುಷ್ಯರನ್ನು ಅವಳೂ ಹಾಗೆಯೇ ಅಳೆದವಳು. ಒಂದಿಷ್ಟು ಹೊತ್ತು ಗಂಟನ್ನೇ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

"ಈ ತೋಳವನ್ನ ನೀನಿನ್ನೂ ನೋಡೇ ಇಲ್ವಲ್ಲ. ಯಾವ ತೋಳವನ್ನ ಕೇಳಿದೆ?"

"ಬೇರೆದು," ಜಿಪಾರ್ ಅಂದಳು. "ಬೇರೆ ಕಡೆದು. ಇಸಿಕ್-ಕುಲ್ ಸರೋವರದ ಆಚೆದು."

ಬಾಗಿಲು ತೆರೆಯಿತು. ಬೆಳಕಿನ ಜೊತೆ ಅಸಾಂಕುಲ್ ಒಳಗೆ ಬಂದ, ಟೋಪಿಯ ತುಪ್ಪಳದ ಮೇಲೆ ಹಿಮ. "ಓಹೋ, ಹೆಂಗಸರು ಇಲ್ಲಿ ಅಡಗಿಕೊಂಡಿದೀರಾ! ಅಲ್ಲಿ ಕಾಲಿಚಾ ಒಬ್ಬಳೇ ಅರ್ಧ ಬುಟ್ಟಿ ಬೋರ್ಸೋಕ್ ಮುಗಿಸ್ತಿದಾಳೆ." ಜಿಪಾರ್‌ಳ ಹಣೆಗೆ ಮುತ್ತಿಟ್ಟ. "ಬಂದ್ಯಾ ಮಗಳೇ. ತೋಳದ ನಾಲಿಗೆ ಓದೋ ಮಗಳು. ಹೆಂಡತಿ ನಾಲಿಗೆ ಓದೋ ಯಂತ್ರ ಬಂದ್ರೆ ಮೊದಲು ನಂಗೆ ಕಳಿಸು." ತನ್ನ ಮಾತಿಗೆ ತಾನೇ ನಕ್ಕ. ನಗು ಮುಗಿದ ಮೇಲೆ ಮುಖದಲ್ಲಿ ಅದರ ಗುರುತೂ ಉಳಿಯಲಿಲ್ಲ. "ಅಂದ ಹಾಗೆ, ಹೋದ ವರ್ಷ ಕಳಿಸಿದ್ನಲ್ಲ, ಗಂಡು ತೋಳ, ನೋಡಿದ್ಯಾ? ಏನಿತ್ತು ಅದರಲ್ಲಿ?"

"ಇನ್ನೂ ನೋಡಿಲ್ಲ," ಎಂದಳು ಜಿಪಾರ್. "ರಾಸಾಯನಿಕ ಬಂದಿಲ್ಲ."

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮುಖಕ್ಕೇರಿದ ಕೆಂಪು ಕಿವಿಯ ತುದಿಯವರೆಗೂ ಹಬ್ಬಿತು. ಅಸಾಂಕುಲ್ ನೋಡಲಿಲ್ಲ. ಅವನು ಕುರಿಯ ತೊಡೆ ಇಳಿಸಿಕೊಂಡು ಹೊರಗೆ ಹೋದ. ಸಾಕಿನ್ ನೋಡಿದಳು. ನೋಡಿ, ಕಣ್ಣು ಕೆಳಗಿಳಿಸಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿ ಬಿರಿದಿತ್ತು.

"ಬೆಣ್ಣೆ ತಗೊಂಡು ನಡಿ," ಎಂದಳು. "ಎಣ್ಣೆ ಆರುತ್ತೆ."

ಆ ಸಂಜೆ ಮಗುವಿಗೆ ಉಣಿಸುವ ಹೊತ್ತಿಗೆ ಸಾಕಿನ್ ಬಟ್ಟಲನ್ನು ಜಿಪಾರ್‌ಳ ಕೈಗೆ ಕೊಟ್ಟಳು. "ನೀನೇ ಉಣ್ಸು." ಅಕ್‌ಮೋರ್ ಅಜ್ಜಿಯ ಕಡೆ ಕೈಚಾಚಿ ಅತ್ತಿತು. ಪ್ರತಿದಿನ ಅಜ್ಜಿಯ ತೊಡೆಯ ಮೇಲೇ ಅದರ ಊಟ. ಸಾಕಿನ್ ಗೋಡೆಯ ಕಡೆ ತಿರುಗಿ ಮಡಚಿದ ಹಾಸಿಗೆಗಳನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

*

ಮರುದಿನ ಅಂಗಳದಲ್ಲಿ ಜನ ತುಂಬಿದರು. ಕುದುರೆ ಕಡಿದರು, ಅಂಗಳದ ದೊಡ್ಡ ಕೊಪ್ಪರಿಗೆಗಳಲ್ಲಿ ಮಾಂಸ ಬೆಂದಿತು. ಗಂಡಸರು ಗೇಟಿನ ಹೊರಗಿನಿಂದಲೇ ಗೋಳಿಡುತ್ತ ಕುದುರೆ ಓಡಿಸಿಕೊಂಡು ಬಂದರು. ಬೂದು ಡೇರೆಯೊಳಗೆ ಹೆಂಗಸರು ಬಾಗಿಲಿಗೆ ಬೆನ್ನುಮಾಡಿ ಕುಳಿತು ಹಾಡಿ ಅತ್ತರು. ಸಾಕಿನ್‌ಳ ಅಳುವ ಹಾಡು ಆ ಕಣಿವೆಯಲ್ಲೆಲ್ಲ ಹೆಸರಾದದ್ದು. ದೂರದ ಊರಿನವರೂ ಅದನ್ನು ಕೇಳಲೆಂದೇ ಹತ್ತಿರ ಬಂದು ಕೂತರು. ಅವಳು ಸೊಸೆಯ ಜಡೆಯನ್ನು ಹಾಡಿದಳು, ನಡಿಗೆಯನ್ನು ಹಾಡಿದಳು, ಹೊಸಿಲು ದಾಟಿ ಬಂದ ದಿನ ಬಿದ್ದ ಮೊದಲ ಹಿಮವನ್ನು ಹಾಡಿದಳು. "ನನ್ನ ಕೈಯಿಂದ" ಎಂದು ಒಂದು ಸಾಲು ಎತ್ತಿದಳು. ಅಲ್ಲಿಗೆ ನಿಲ್ಲಿಸಿದಳು. ದುಃಖ ಉಕ್ಕಿತೆಂದುಕೊಂಡು ಪಕ್ಕದಲ್ಲಿದ್ದ ಕಾಲಿಚಾ ದನಿ ಎತ್ತಿಕೊಂಡು ಮುಂದುವರಿಸಿದಳು. ಸಾಕಿನ್ ಮತ್ತೆ ಹಾಡಲಿಲ್ಲ. ಹಿರಿಯ ಹೆಂಗಸೊಬ್ಬಳು ಬಂದು ಅವಳ ಕಪ್ಪು ವಸ್ತ್ರ ಬಿಚ್ಚಿ, ಬಿಳಿಯದನ್ನು ಕಟ್ಟಿ, "ಇನ್ನು ಸಾಕು, ಬದುಕಿರೋರ ಕಡೆ ನೋಡು" ಎಂದಳು. ಬೇರೆ ಯಾರದೋ ತಲೆಗೆ ಕಟ್ಟುತ್ತಿದ್ದಾರೆಂಬಂತೆ ಸಾಕಿನ್ ಕೂತಿದ್ದಳು.

ಬಿಸಿಲು ಬೆಟ್ಟದ ಹಿಂದೆ ಸರಿಯುವ ಹೊತ್ತಿಗೆ ಜನ ಚದುರಿದರು. ಜಿಪಾರ್ ಬಟ್ಟಲುಗಳನ್ನು ಒರೆಸಿ ಜೋಡಿಸಿ, ಹೊರಗೆ ಬಂದು ನೋಡಿದರೆ ಅಂಗಳದ ಬೆಂಕಿಗಳೆಲ್ಲ ಆರಿದ್ದವು. ಕೊಟ್ಟಿಗೆಯ ಹಿಂದಿನಿಂದ ಮಾತ್ರ ಹೊಗೆ ಏಳುತ್ತಿತ್ತು.

ಅಲ್ಲಿ ಮೂರು ಕಲ್ಲಿನ ಮೇಲೆ, ಉಣ್ಣೆಯನ್ನು ಬಣ್ಣದಲ್ಲಿ ಬೇಯಿಸುವ ಹಳೆಯ ಕೊಪ್ಪರಿಗೆ. ಸಾಕಿನ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹೊಸ ಬಿಳಿ ವಸ್ತ್ರಕ್ಕೆ ಆಗಲೇ ಮಸಿ ತಾಗಿತ್ತು. ಒಗೆದ ಹಿಟ್ಟಿನ ಚೀಲದ ಬಟ್ಟೆ ಪಕ್ಕದ ಬೇಲಿಯ ಮೇಲೆ ನೇತಾಡುತ್ತಿತ್ತು. ಸ್ವಲ್ಪ ದೂರದಲ್ಲಿ ಎರಡು ನಾಯಿಗಳು ಕಿವಿ ನಿಮಿರಿಸಿ ಕಾದಿದ್ದವು. ಅವಳ ಕೈಗೆಟುಕುವಲ್ಲಿ ಒಂದು ಕೋಲಿತ್ತು.

ಜಿಪಾರ್ ಬಂದು ನಿಂತದ್ದು ಗೊತ್ತಾದರೂ ತಲೆಯೆತ್ತಲಿಲ್ಲ.

"ಹೂಳೋಣ ಅಂದ್ರೆ ನೆಲ ಕಬ್ಬಿಣ ಆಗಿದೆ. ಎಸೆದ್ರೆ ಇವು ತಿಂತವೆ," ಎಂದಳು. "ಬೇಯ್ಲಿ. ಬೇಯಿಸಿದ್ರೆ ಸಾಯ್ತವೆ ಅಂದ್ಯಲ್ಲ."

"ಹೌದು."

"ಮಗೂನ ಅಜ್ಜನಿಗೆ, ಮಿರ್ಲಾನ್‌ಗೆ ಹೇಳಿದೀನಿ. ನೀನು ನಾಳೆ ಮಗೂನ ಕರ್ಕೊಂಡು ಹೋಗು. ಬಿಷ್ಕೆಕ್‌ನಲ್ಲಿ ದೊಡ್ಡ ಡಾಕ್ಟರಿಗೆ ತೋರ್ಸು. ಅವರು ಏನು ಕೊಡ್ತಾರೋ ಅದನ್ನೇ ಕೊಡು."

"ನೀವೂ ಬನ್ನಿ ಅಪಾ. ಅದು ನಿಮ್ಮನ್ನ ಬಿಟ್ಟು ಇರಲ್ಲ."

"ಇರುತ್ತೆ. ಮಕ್ಕಳು ಇರ್ತವೆ."

ಸಾಕಿನ್ ಮುಚ್ಚಳ ಸರಿಸಿದಳು. ದಟ್ಟ ಹಬೆ ಎದ್ದಿತು. ಕಡ್ಡಿಯೊಂದರಿಂದ ಮಾಂಸವನ್ನು ಚುಚ್ಚಿದಳು. ಅದು ಎಲುಬಿನಿಂದ ಬಿಟ್ಟುಕೊಂಡು ಎಳೆ ಎಳೆಯಾಗಿತ್ತು. ಬಹಳ ಹೊತ್ತಿನಿಂದ ಬೇಯುತ್ತಿದ್ದಿರಬೇಕು. ಜನ ಉಣ್ಣುತ್ತಿದ್ದಾಗಲೇ ಬಂದು ಬಂದು ಉರಿ ನೋಡಿಹೋಗಿರಬೇಕು. ಅವಳು ಆ ಎಳೆಗಳನ್ನೇ ನೋಡುತ್ತ ಕೇಳಿದಳು:

"ಇಷ್ಟು ಬೇಯಿಸಿದ್ದಿದ್ರೆ ಸಾಕಾಗ್ತಿತ್ತಾ?"

ಜಿಪಾರ್‌ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದಳು. ಬೇರೆ ತೋಳ, ಬೇರೆ ಕಡೆದು ಎಂದು ಇನ್ನೊಮ್ಮೆ ಹೇಳಬಹುದಿತ್ತು. ನಿನ್ನೆ ಕಲ್ಲಿನ ಕೋಣೆಯಲ್ಲಿ ಗಂಟಲಿಗೆ ಬಂದ ಇನ್ನೊಂದು ಮಾತೂ ಹಾಗೇ ಅಲ್ಲೇ ಇತ್ತು. ಎರಡನ್ನೂ ಅವಳು ಆಡಲಿಲ್ಲ.

"ಇದರ ಅರ್ಧ ಸಾಕಾಗ್ತಿತ್ತು," ಎಂದಳು.

ಸಾಕಿನ್ ತಲೆಯಾಡಿಸಿದಳು. ಒಂದು ಸಲ, ಮತ್ತೊಂದು ಸಲ. ಆಮೇಲೆ ಮುಚ್ಚಳ ಎಳೆದು, ಒಂದು ಬೆರಣಿಯನ್ನು ಮಂಡಿಯ ಮೇಲಿಟ್ಟು ಮುರಿದು, ಉರಿಗೆ ಹಾಕಿದಳು. ಇನ್ನೊಂದನ್ನು ಮುರಿದಳು. ಕೊಪ್ಪರಿಗೆಯ ನೀರು ಅರ್ಧಕ್ಕಿಂತ ಕೆಳಗಿಳಿದಿತ್ತು.

ಜಿಪಾರ್ ಬೇಲಿಯ ಬಳಿ ಬೋರಲು ಹಾಕಿದ್ದ ಬಕೀಟನ್ನು ಎತ್ತಿಕೊಂಡು ಹಳ್ಳದ ಕಡೆ ನಡೆದಳು. ನೀರಿನ ಮೇಲೆ ಮಂಜು ಕಟ್ಟಿತ್ತು. ಹಿಮ್ಮಡಿಯಿಂದ ಒಡೆದು, ಬಕೀಟು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ಚೆಲ್ಲದಂತೆ ತಂದಳು. ಸಾಕಿನ್ ಮುಚ್ಚಳ ತೆರೆದು ಹಿಡಿದಳು.